ಚಿಕ್ಕಮ್ಮನ ಕಿಟಕಿ ಜಗಳ

ನಮ್ಮ ಚಿಕ್ಕಮ್ಮ ರೋಗಿಯನ್ನು ನೋಡಲು ಹೊರಟರೆಂದರೆ ಅವನ ಮನೆಯ ಮಾಲೀಕನಿಗೆ ಜ್ವರ ಬರುತ್ತದೆ! ರೋಗಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆಯಲ್ಲ? ಸೇಬು ಒಯ್ಯಬೇಕು, 'ಇಳಿದು ಹೋಗಿದ್ದೀರಿ' ಎನ್ನಬೇಕು, ಇದೇ ಕಾಯಿಲೆಯಲ್ಲಿ ತೀರಿಕೊಂಡವರ ಕತೆಯೊಂದನ್ನು ಹೇಳಿ ಎದ್ದು ಬರಬೇಕು. ಚಿಕ್ಕಮ್ಮ ನೋಡುವುದು ರೋಗಿಯನ್ನಲ್ಲ, ರೋಗಿಯ ಮನೆಯ ಬಾವಿ, ಚರಂಡಿ, ಮಾಡಿನ ಹೆಂಚು.

ನನಗೆ ಡೆಂಗ್ಯೂ ಬಂದು ಮಣಿಪಾಲದಲ್ಲಿ ಮಲಗಿದ್ದಾಗ ಅವರು ಆಸ್ಪತ್ರೆಗೆ ಬರಲೇ ಇಲ್ಲ. ತಮ್ಮೂರು ಕಾಪುವಿನಿಂದ ಬಸ್ಸು ಹಿಡಿದು ನೇರ ನಮ್ಮ ಮನೆಗೆ ಹೋಗಿ, ನನ್ನ ಹೆಂಡತಿ ಮುದ್ದಿನಿಂದ ಬೆಳೆಸಿದ್ದ ಮನಿಪ್ಲಾಂಟಿನ ಬಾಟಲಿಗಳನ್ನೆಲ್ಲ ಬೋರಲು ಹಾಕಿ ಫೋನ್ ಮಾಡಿದರು: "ನಿನ್ನ ಸೊಳ್ಳೆಗಳನ್ನು ನೋಡಿದೆ ಮಾರಾಯ. ಅವಕ್ಕೆ ಭಾರೀ ಆರೋಗ್ಯ ಉಂಟು!" ಹೆಂಡತಿ ಇವತ್ತಿಗೂ ಅವರೊಡನೆ ಸರಿಯಾಗಿ ಮಾತಾಡುವುದಿಲ್ಲ.

ನಮ್ಮದು ಸ್ವಂತ ಮನೆ, ಅಲ್ಲಿಗೆ ಮುಗಿಯಿತು. ಶಂಕ್ರವ್ವನ ಪುಟ್ಟ ಮಗಳ ಕೆಮ್ಮು ಹಾಗೆ ಮುಗಿಯುವಂಥದ್ದಲ್ಲ. ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಈ ಕುಟುಂಬ ಚಿಕ್ಕಮ್ಮನ ಮನೆಯ ಸುತ್ತ ಪಾಗಾರದ ಗೋಡೆ ಕಟ್ಟುವಾಗ ಪರಿಚಯವಾದದ್ದು. ಹಿರಿಯಡ್ಕದ ಹತ್ತಿರ ಬಾಡಿಗೆಯ ತಗಡಿನ ಶೆಡ್ಡು. ಒಲೆಯ ಹೊಗೆಗೂ ಮನುಷ್ಯರಿಗೂ ಒಂದೇ ಬಾಗಿಲು, ಕಿಟಕಿಯೇ ಇಲ್ಲ. ಆಸ್ಪತ್ರೆಯಲ್ಲಿ ಗುಣವಾದ ಮಗುವಿಗೆ ಶೆಡ್ಡಿಗೆ ಬಂದೊಡನೆ ಮತ್ತೆ ಉಸಿರು ಕಟ್ಟುತ್ತಿತ್ತು. ಒಗೆದ ಬಟ್ಟೆಯನ್ನು ಕೆಸರಿನಲ್ಲಿ ಒಣಹಾಕಿದ ಹಾಗೆ!

ಚಿಕ್ಕಮ್ಮ ಶೆಡ್ಡಿನ ಮಾಲೀಕನನ್ನು ಹಿಡಿದರು. "ನಿಮ್ಮ ಕೋಳಿಗೂಡಿಗೆ ಸುತ್ತ ಬಲೆ ಉಂಟು. ಈ ಮಗುವಿಗೆ ಒಂದು ಕಿಟಕಿ ಯಾಕಿಲ್ಲ?"

"ಅಕ್ಕ, ಗಾಳಿ ಇಲ್ಲದಿದ್ದರೆ ಕೋಳಿ ಸಾಯ್ತದೆ, ಅಲ್ವಾ?"

ಅವನು ತಮಾಷೆ ಮಾಡಿದ್ದಲ್ಲ. ಚಿಕ್ಕಮ್ಮ ವೆಲ್ಡಿಂಗಿನವನನ್ನು ಕರೆತಂದು ತಾವೇ ತಗಡು ಕೊಯ್ಯಿಸಿದರು. ಮರುದಿನ ಮಾಲೀಕ ಹಲಗೆ ಹೊಡೆದು ಮುಚ್ಚಿಸಿದ. ಒಬ್ಬರಿಗೆ ಕಿಟಕಿ ಕೊಟ್ಟರೆ ಅವನ ಉಳಿದ ಶೆಡ್ಡುಗಳವರೂ ಕೇಳುವುದಿಲ್ಲವೇ? ಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲವಂತೆ. ಹಾಗೆ ಹೇಳಿದವರನ್ನು ಒಂದು ದಿನ ಆ ಶೆಡ್ಡಿನಲ್ಲಿ ಮಲಗಿಸಬೇಕು!

ಮತ್ತೆ ಆಸ್ಪತ್ರೆ. "ಹುಷಾರಾಗಿದ್ದಾಳೆ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು" ಎಂದರು ಡಾಕ್ಟರು.

"ಯಾವ ಮನೆಗೆ ಡಾಕ್ಟ್ರೇ?" ಎಂದ ಚಿಕ್ಕಮ್ಮ, ಉತ್ತರಕ್ಕೆ ಕಾಯದೆ ತಾಯಿ ಮಗಳನ್ನು ಕಾಪುವಿಗೆ ಕರೆದೊಯ್ದು ಕಡಲಿನ ಕಡೆಯ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು. ಭಾನುವಾರ ನಾನೂ ಹೋದೆ. ಮಗು ಒಂದು ಸಲವೂ ಕೆಮ್ಮದೆ ನಿದ್ದೆ ಮಾಡುತ್ತಿತ್ತು. ಶಂಕ್ರವ್ವ ಮಾತ್ರ ಎದ್ದು ಕಿಟಕಿ ಮುಚ್ಚುತ್ತಿದ್ದಳು.

"ಎಂತಕ್ಕೆ ಮುಚ್ಚುವುದು ನೀನು?" ಚಿಕ್ಕಮ್ಮ ಗದರಿದರು.

"ಇಷ್ಟ್ ಗಾಳಿ ಬ್ಯಾಡ್ರೀ ಅಮ್ಮಾರೇ. ರೂಢಿ ಆದ್ರ, ಶೆಡ್ಡಿಗೆ ಹೋದ ಮ್ಯಾಲ ಕೂಸಿಗೆ ತ್ರಾಸ ಆಕ್ಕೈತ್ರಿ."

ಊರನ್ನೆಲ್ಲ ಬೈದ ಚಿಕ್ಕಮ್ಮ ಶಂಕ್ರವ್ವನ ಸಿಮೆಂಟು ತಿಂದ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟರು. ಆ ಜಗಳಗಂಟಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಹೋಗುವುದು ಬೇಡ ಮಗಾ, ಇಲ್ಲೇ ಇರು" ಎಂದರು.

ಶಂಕ್ರವ್ವ ಹೂಂ ಎನ್ನಲಿಲ್ಲ. ಗಂಡನ ಕೆಲಸ ಇರುವುದು ಹಿರಿಯಡ್ಕದಲ್ಲೇ ತಾನೇ? ತನ್ನ ಸೆರಗಿನಿಂದ ಚಿಕ್ಕಮ್ಮನ ಕಣ್ಣೊರೆಸಿದಳು. ಆಮೇಲೆ, ಅವರ ಸಮಾಧಾನಕ್ಕೆಂದು, ಕಿಟಕಿಯ ಒಂದು ಬಾಗಿಲನ್ನು ತೆರೆದಿಟ್ಟಳು.