ಪಂಗಾಳಿ ಫೋಲ್ಡರು

ಚಿನ್ನತಂಬಿ: ನನ್ ವೇದಸಂದೂರ್ ಎಲ್ಲಿ ತಂಬಿ?

ಶರವಣನ್: ದಿಂಡುಗಲ್ ಬಸ್ ಹತ್ತಿ ಮಾಮ. ಅಲ್ಲಿ ಇಳಿದ್ರೆ ವೇದಸಂದೂರಿಗೆ ಬೇಕಾದಷ್ಟು ಬಸ್ ಅದೆ.

ಚಿನ್ನತಂಬಿ: ಊರ್ ಕೇಳ್ತಾ ಇಲ್ಲ ನಾನು. ಈ ಪೆಟ್ಟಿಯೊಳಗೆ ಇದ್ದ ವೇದಸಂದೂರು. ಮಿಲ್ಲುಕಾರರ ಪೇಜು. ಬುಕ್‌ಮಾರ್ಕಲ್ಲಿ ಕಟ್ಟಕಡೇಲಿ ಇತ್ತು, ಇವತ್ತು ಇಲ್ಲ. ಕಾಲು ಬಂದು ಎದ್ದು ಹೋಯ್ತಾ?

ಶರವಣನ್: ನಾ ಅಳಿಸ್ಲಿಲ್ಲ ಮಾಮ.

ಚಿನ್ನತಂಬಿ: ಅಳಿಸ್ದೆ ಅಂತ ನಾ ಎಲ್ಲಿ ಹೇಳ್ದೆ? ಎಲ್ಲಿ ಅಂತ ತಾನೆ ಕೇಳ್ದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಶರವಣನ್ ಮಾಡಿದ್ದೂ ಅದನ್ನೇ. ಪಾಪ, ಅವನು ನಿಜವಾಗಿಯೂ ಅಳಿಸಿರಲಿಲ್ಲ. ಅಳಿಸಬೇಕೆಂದು ಆಸೆಪಟ್ಟಿದ್ದ, ಅಷ್ಟೆ. ಆಸೆಪಟ್ಟವನ ಮುಖವೂ ಮಾಡಿದವನ ಮುಖವೂ ದೂರದಿಂದ ಒಂದೇ ಥರ ಕಾಣುತ್ತವೆ.

ಕಂಬಂ ಬಸ್‌ಸ್ಟ್ಯಾಂಡಿನ ಹಿಂದೆ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಶರವಣನ್‌ನ ಬ್ರೌಸಿಂಗ್ ಸೆಂಟರು. ಎರಡು ಕಂಪ್ಯೂಟರು, ಒಂದು ಫೋನ್ ಲೈನು. ಇಂಟರ್‌ನೆಟ್ ನಡೆಯುವಾಗ ಫೋನ್ ಬಾರದು, ಫೋನ್ ಬರುವಾಗ ಇಂಟರ್‌ನೆಟ್ ನಡೆಯದು. ಕೊಂಬೈಯ ದ್ರಾಕ್ಷಿ ವ್ಯಾಪಾರಿ ಚಿನ್ನತಂಬಿ ಅವನ ತಾಯಿ ಕರುಪ್ಪಾಯಿಯ ಒಡಹುಟ್ಟಿದ ತಮ್ಮ. ಅಂದರೆ ಸೋದರಮಾವ. ಅಂದರೆ, ತಮಿಳುನಾಡಿನಲ್ಲಿದ್ದೂ ಮನೆಯಲ್ಲಿ ಕನ್ನಡ ಆಡುವ ಅವರ ಜನದ ಮುರೆ, ನಂಟಿನ ಕಟ್ಟಳೆ, ಪ್ರಕಾರ, ಚಿನ್ನತಂಬಿಯ ಮಗಳು ಕಾರ್ತಿಕಾ ಶರವಣನ್‌ಗೆ ಸಲ್ಲಬೇಕಾದ ಹೆಣ್ಣು. ಅದಕ್ಕೇ ಅವನು ಚಡ್ಡಿ ಹಾಕುವ ಕಾಲದಿಂದಲೂ ಮಾಮ ಅವನನ್ನು 'ಮಾಪಿಳ್ಳೆ' ಎಂದೇ ಕರೆಯುತ್ತಿದ್ದರು, ಅಳಿಯ ಎಂದು.

ವೇದಸಂದೂರಿನ ನೂಲಿನ ಮಿಲ್ಲಿನವರಿಂದ ಸಂಬಂಧ ಬಂದ ಮೇಲೆ 'ಮಾಪಿಳ್ಳೆ' ಹೋಗಿ 'ತಂಬಿ' ಆಯಿತು. ತಂಬಿ ಎಂದು ಬಸ್ಸಿನ ಕಂಡಕ್ಟರನ್ನೂ ಕರೆಯಬಹುದು. ಆ ಒಂದು ಮಾತಿಗೆ ಶರವಣನ್ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದ. ಕಾರ್ತಿಕಾ ಎಂದರೆ ಅವನಿಗೆ ಪ್ರಾಣ. ಅದನ್ನು ಅವಳಿಗೂ ಹೇಳಿರಲಿಲ್ಲ, ಮಾಮನಿಗೂ ಹೇಳಿರಲಿಲ್ಲ. ಹೇಳಬೇಕೆಂದುಕೊಂಡಾಗಲೆಲ್ಲ ಯಾರಾದರೂ ಬಂದು ಪರೀಕ್ಷೆಯ ರಿಸಲ್ಟ್ ಕೇಳುತ್ತಿದ್ದರು.

ಕಾರ್ತಿಕಾ ಬೇರೆಲ್ಲೂ ಇರಲಿಲ್ಲ. ಕಂಪ್ಯೂಟರ್ ಕೋರ್ಸ್ ಮುಗಿಸಿ ಅದೇ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಈಗಲೂ ಎರಡನೇ ಕಂಪ್ಯೂಟರಿನಲ್ಲಿ ಯಾರದೋ ಅರ್ಜಿ ಟೈಪ್ ಮಾಡುತ್ತ, ಬೆನ್ನು ತಿರುಗಿಸಿಕೊಂಡು ಕುಳಿತಿದ್ದಳು. ಬೆನ್ನಿಗೂ ಕಿವಿ ಇರುತ್ತದೆ ಎಂಬುದು ಅವಳನ್ನು ನೋಡಿದರೆ ಗೊತ್ತಾಗುತ್ತಿತ್ತು.

ಚಿನ್ನತಂಬಿ: ಮಧ್ಯಾಹ್ನದೊಳಗೆ ಈ ಸಂಬಂದ ತಂದ ತರಗರು ಇದೇ ಫೋನಿಗೆ ಮಾತಾಡ್ತಾರೆ. ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ. ನಿಮ್ಮತ್ತೆ ಹುಡುಗನ ಮೀಸೆ ನೋಡ್ಕೊಂಡು ಬನ್ನಿ ಅಂತ ಕಳಿಸಿದ್ಲು.

ಶರವಣನ್: ಪೋಟೋ ಆವಾಗ್ಲೇ ನೋಡಿದ್ರಲ್ಲ ಮಾಮ.

ಚಿನ್ನತಂಬಿ: ಎಲ್ಲಿ ನೋಡ್ದೆ? ನಿನ್ ಲೈನು ಮೂಗಿನವರೆಗೆ ತಾನೆ ತೋರಿಸ್ತು.

ಅದೂ ನಿಜವೇ. ಆ ಕಾಲದಲ್ಲಿ ಫೋಟೋ ಒಂದೇ ಸಲಕ್ಕೆ ಬರುತ್ತಿರಲಿಲ್ಲ. ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮಿಲ್ಲಿನ ಹುಡುಗನ ಕ್ರಾಪು ಬಂತು, ಹಣೆ ಬಂತು, ಕಣ್ಣು ಬಂತು, ಮೂಗು ಬರುವಷ್ಟರಲ್ಲಿ ಲೈನು ಕಟ್ಟಾಯಿತು. ಮನೆಯಲ್ಲಿ ಮಾಮನ ಹೆಂಡತಿ ರಂಗಮ್ಮಾಳ್, ಮೂಗಿನ ಕೆಳಗೆ ಏನಿದೆ ಎಂದು ತಿಳಿಯದ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದರು.

ಚಿನ್ನತಂಬಿ: ನೀ ಅವತ್ತು ಎಬಿಸಿಡಿ ಎಬಿಸಿಡಿ ಅಂತ ಕುಣಿದ್ಯಲ್ಲ, ನಾ ಹೋದ್ಮೇಲೆ ಎಬಿಸಿಡಿ ಮಾಡ್ಬಿಟ್ಯಾ?

ಭಾನುವಾರದ ಜಗಳ ಅದು. ಒಮ್ಮೆ ನೋಡಿದ ಪೇಜು ಮತ್ತೆ ಬೇಕಾದರೆ ವಿಳಾಸ ಟೈಪ್ ಮಾಡುವ ಗೋಜು ಬೇಡವೆಂದು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳುವುದನ್ನು ಕಲಿಸಿದವನು ಶರವಣನೇ. ಕಲಿಸಿ ಕೆಟ್ಟ. ಮಾಮ ಕಂಡದ್ದಕ್ಕೆಲ್ಲ ಬುಕ್‌ಮಾರ್ಕ್ ಹಾಕಿದರು. ದ್ರಾಕ್ಷಿಯ ರೋಗ, ಮೋಡದ ಚಿತ್ರ, ಪೇಟೆಯ ಧಾರಣೆ, ಎಲ್ಲಿಯೋ ಗಿಳಿ ಸಾಕುವವನೊಬ್ಬನ ಪೇಜು ಕೂಡ. ಪಟ್ಟಿ ಪರದೆಯ ಬುಡ ದಾಟಿ ಕೆಳಕ್ಕೆ ಇಳಿದು, ಬೇರೆ ಗಿರಾಕಿಗಳು ಗೊಣಗಲು ಶುರು ಮಾಡಿದರು. ಅಕ್ಷರದ ಕ್ರಮದಲ್ಲಿ ಜೋಡಿಸಿಬಿಡೋಣ ಎಂದು ಶರವಣನ್ ಹೇಳಿದ್ದೇ ತಪ್ಪಾಯಿತು.

ಎಬಿಸಿಡಿ ಪ್ರಕಾರ ಪಂಕ್ತಿ ಕೂರಿಸಿದರೆ ಮಾಮಿಯ ಪಕ್ಕಕ್ಕೆ ಮಾಪಿಳ್ಳೆ ಬಂದು ಕೂರುತ್ತಾನೆ, ಅತ್ತೆಯೂ ಅಳಿಯನೂ ಒಂದೇ ಪಂಕ್ತಿಯಲ್ಲಿ ಉಂಡ ಮನೆಯನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಮಾಮ ಕೇಳಿದರು. ಜನರನ್ನು ಹೇಗೆ ಜೋಡಿಸಬೇಕೆಂದು ನಮ್ಮ ಹಿರಿಯರು ಆಗಲೇ ಜೋಡಿಸಿಟ್ಟಿದ್ದಾರೆ, ಅದಕ್ಕಿಂತ ದೊಡ್ಡ ಕ್ರಮ ಇನ್ನೊಂದಿಲ್ಲ. ಮೂರು ಫೋಲ್ಡರು ಮಾಡು ಎಂದರು. ಪಂಗಾಳಿ, ಅಂದರೆ ದಾಯಾದಿಗಳು, ಒಂದೇ ರಕ್ತ. ಸಂಬಂದ, ಅಂದರೆ ಹೆಣ್ಣು ಕೊಟ್ಟು ತರುವ ಮನೆ. ಮಿಕ್ಕವರೆಲ್ಲ ಊರೋರು.

ದ್ರಾಕ್ಷಿ ಪಂಗಾಳಿಗೆ ಹೋಯಿತು. ಧಾರಣೆಯೂ ಅಲ್ಲಿಗೇ. ಮೋಡದ ಚಿತ್ರವನ್ನೂ ಪಂಗಾಳಿಗೇ ಸೇರಿಸಿದಾಗ ಶರವಣನ್ ತಡೆಯಲಾರದೆ ಅದನ್ನು ಮೌಸಿನಿಂದ ಹಿಡಿದು ಊರೋರ ಕಡೆಗೆ ಎಳೆದಿದ್ದ. ಮಾಮ ಕೈ ಹಿಡಿದರು.

ನಮ್ಮ ತೋಟದ ಮೇಲೆ ಬೀಳುವ ಮಳೆ ನಮ್ಮ ರಕ್ತವಲ್ಲದೆ ಇನ್ಯಾರ ರಕ್ತ ಎಂದರು. ಪಂಗಾಳಿಯೊಳಗೆ ಒಮ್ಮೆ ಹೋದದ್ದು ಹೋಯಿತು, ನಾನೇ ಹೇಳಿದರೂ ಹೊರಗೆ ಬರಕೂಡದು, ರಕ್ತ ಮೌಸ್ ಹಿಡಿದು ಎಳೆದರೆ ಬದಲಾಗುತ್ತದೆಯೇ ಎಂದರು. ತೆರೆಯದೆ ಸತ್ತುಹೋದ ಪೇಜುಗಳನ್ನಾದರೂ ಎಸೆಯೋಣ ಎಂದಾಗ, ಹದಿನಾರನೆಯ ದಿನದ ಕಾರ್ಯ ಮುಗಿಯದೆ ಯಾರನ್ನೂ ಹೊರಗೆ ಹಾಕುವುದಿಲ್ಲ ಎಂದುಬಿಟ್ಟರು.

ಸಂಬಂದ ಫೋಲ್ಡರನ್ನು ಮಾತ್ರ ಖಾಲಿ ಬಿಟ್ಟರು. ಅದರೊಳಗೆ ಯಾರನ್ನು ಕೂರಿಸಬೇಕೆಂದು ಇನ್ನೂ ತೀರ್ಮಾನವಾಗಿಲ್ಲ ಎಂದು ಹೇಳಿ ಕೆಮ್ಮಿದರು. ಶರವಣನ್ ತನ್ನ ಸೆಂಟರಿಗಾಗಿಯೇ ತಾನೇ ಮಾಡಿದ್ದ ಪೇಜು, ನಡುವೆ ಒಂದು ಗುಲಾಬಿ ಹೂವು ಗಿರ್ರನೆ ತಿರುಗುವ ಪೇಜು, ಯಾವ ಫೋಲ್ಡರಿಗೆ ಎಂದು ಕೇಳಿದ. ಅದು ಹೊರಗಿರಲಿ, ಚಪ್ಪಲಿ ಬಿಡುವ ಕಡೆ, ಎಂದರು ಮಾಮ. ಅಷ್ಟರಲ್ಲಿ ಕರೆಂಟು ಹೋಯಿತು. ಉಳಿದ ಅರ್ಧ ಕೆಲಸವನ್ನು ಮರುದಿನ ಕಾರ್ತಿಕಾ ಮುಗಿಸಿದಳು.

ಚಿನ್ನತಂಬಿ: ಊರೋರ ಫೋಲ್ಡರಲ್ಲಿ ನೋಡು.

ಶರವಣನ್: ಎಲ್ಲಾ ವೆಲ್‌ಕಮ್ ವೆಲ್‌ಕಮ್ ಅಂತ್ಲೇ ಅದೆ ಮಾಮ. ಪೇಜಿಗೆ ಅವರಿಟ್ಟ ಹೆಸರೇ ಬುಕ್‌ಮಾರ್ಕಿಗೂ ಬರ್ತದೆ.

ಚಿನ್ನತಂಬಿ: ಎಲ್ಲಾರ ಮನೆ ಹೆಸರೂ ವೆಲ್‌ಕಮ್ಮಾ?

ಶರವಣನ್: ನಮ್ ತೆರುವಲ್ಲಿ ಅಳಗರ್ ಅಂತ ಕೂಗಿ ನೋಡಿ. ಎಷ್ಟು ಬಾಗ್ಲು ತೆರೀತದೆ?

ಚಿನ್ನತಂಬಿ: ಅದು ತಾತನ ಹೆಸರು, ಇಟ್ಟೇ ಇಡ್ಬೇಕು. ಇವರಿಗೆಲ್ಲ ಯಾವ ತಾತ?

ಒಂದೊಂದೇ ವೆಲ್‌ಕಮ್ ತೆರೆದರು. ಒಂದು ಅಮೆರಿಕದ ಕಾಲೇಜು. ಇನ್ನೊಂದು ಬರಲು ಹೊತ್ತು ಹಿಡಿಯಿತು, ಬಂದ ಮೇಲೆ ನೋಡಿದರೆ ಗಿಳಿ. ಅದರ ಮುಂದಿನದೂ ಗಿಳಿಯೇ, ಮಾಮ ಮರೆತು ಎರಡು ಸಲ ಗುರುತು ಹಾಕಿದ್ದರು. ಗಡಿಯಾರದ ಮುಳ್ಳು ಹನ್ನೊಂದು ದಾಟಿತ್ತು. ಸಂಬಂದ ಫೋಲ್ಡರನ್ನು ತೆರೆಯಲು ಶರವಣನ್‌ಗೆ ಧೈರ್ಯ ಬರಲಿಲ್ಲ. ಮಿಲ್ಲು ಅಲ್ಲಿಯೇ ಕಾಲು ಚಾಚಿಕೊಂಡು ಕೂತಿದ್ದರೆ ಅದನ್ನು ತನ್ನ ಕೈಯಾರೆ ತೆರೆದು ತೋರಿಸಬೇಕಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಮಾಮ ಅದರ ಕಡೆ ನೋಡಲೇ ಇಲ್ಲ. ತಾನು ಹಾಕದೆ ಅದರೊಳಗೆ ಯಾರೂ ಹೋಗಲಾರರು ಎಂಬ ನಂಬಿಕೆ ಅವರದು.

ಚಿನ್ನತಂಬಿ: ನಿಜ ಹೇಳ್ಬಿಡು ತಂಬಿ. ನಿಂಗೆ ಆ ಮಿಲ್ಲು ಪಿಡಿಕ್ಲಿಲ್ಲ. ಅಳಿಸಿದೀ.

ಶರವಣನ್: ಪಿಡಿಕ್ಲಿಲ್ಲ ಮಾಮ. ಆದ್ರೆ ಅಳಿಸ್ಲಿಲ್ಲ.

ಹಿಡಿಸಲಿಲ್ಲ ಎಂಬ ಮಾತು ಬಾಯಿಂದ ಜಾರಿತ್ತು. ಟೈಪಿನ ಸದ್ದು ನಿಂತಿತು. ಮಾಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಕಾರ್ತಿಕಾ: ಅಪ್ಪಾ, ಇವರನ್ನ ಯಾಕೆ ಬೈತೀರಿ? ಪಂಗಾಳಿ ಫೋಲ್ಡರ್ ತೆಗೆದು ನೋಡಿ.

ಇದ್ದೇ ಇತ್ತು. ದ್ರಾಕ್ಷಿಯ ಕೆಳಗೆ, ಮೋಡದ ಮೇಲೆ. ವೆಲ್‌ಕಮ್ ಎಂಬ ಹೆಸರನ್ನೂ ತೆಗೆದು 'ವೇದಸಂದೂರು ಮಿಲ್ಲು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಚೊಕ್ಕವಾಗಿ ಬರೆದಿದ್ದಳು. ಮಾಮನಿಗೆ ಹೋದ ಜೀವ ಬಂದಂತಾಯಿತು. ಕ್ಲಿಕ್ ಮಾಡಿಸಿದರು. ಕ್ರಾಪು ಇಳಿಯಿತು. ಹಣೆ ಇಳಿಯಿತು. ಮೂಗಿನ ಹತ್ತಿರ ಬಂದು ಸ್ವಲ್ಪ ನಿಂತಿತು. ಆಮೇಲೆ ಮೀಸೆ ಬಂತು.

ದಪ್ಪ ಮೀಸೆ. ಎರಡು ತುದಿಯೂ ಕೆಳಗೆ ಬಾಗಿ ಮತ್ತೆ ಮೇಲಕ್ಕೆ ಎದ್ದ ಮೀಸೆ. ಕೊಂಬೈಯಿಂದ ಪೆರಿಯಕುಳಂವರೆಗೆ ಅಂಥದ್ದು ಒಂದೇ ಇದೆ ಎಂದು ಚಿನ್ನತಂಬಿ ತಿಳಿದಿದ್ದರು. ಅವರ ಕೈ ತಾನಾಗಿಯೇ ತಮ್ಮ ಮೀಸೆಗೆ ಹೋಯಿತು.

ಚಿನ್ನತಂಬಿ: ಅಳಗಾದ ಮೀಸೆ. ಲಕ್ಷಣವಾದ ಹುಡುಗ.

ಶರವಣನ್ ತನ್ನ ಬೋಳು ಮೇಲ್ದುಟಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಮುಗಿಯಿತು ಕಥೆ ಎಂದುಕೊಂಡ.

ಚಿನ್ನತಂಬಿ: ತಡಿ. ಇವನನ್ನ ಪಂಗಾಳಿಯೊಳಗೆ ಹಾಕಿದ್ದು ಯಾರು?

ಕಾರ್ತಿಕಾ: ನಾನೇ.

ಚಿನ್ನತಂಬಿ: ಗೊತ್ತಿಲ್ದೆ ಹಾಕ್ಬಿಟ್ಟಿದೀ. ತೆಗಿ ತಾಯಿ. ಅವರು ಸಂಬಂದದೊಳಗೆ ಬರ್ಬೇಕಾದೋರು.

ಕಾರ್ತಿಕಾ: ಗೊತ್ತಿದ್ದೇ ಹಾಕ್ದೆ ಅಪ್ಪಾ. ನಾನೊಬ್ಳೇ ಪೋಟೋ ಪೂರಾ ಬರೋವರೆಗೂ ಕಾದು ನೋಡ್ದೆ. ಮೀಸೆ ನಿಮ್ದೇ. ಗಲ್ಲ ನಮ್ಮ ತಾತಂದು. ನೋಡ್ದ ತಕ್ಷಣ ಎದ್ದು ನಿಂತು ಅಣ್ಣಾ ಅಂತ ಕೂಗ್ಬೇಕು ಅನ್ನಿಸ್ತು. ಅಣ್ಣ ಅನ್ನಿಸಿದವರನ್ನ ಬೇರೆ ಯಾವ ಫೋಲ್ಡರಲ್ಲಿ ಇಕ್ಲಿ?

ಚಿನ್ನತಂಬಿ ಮೌಸಿಗೆ ಕೈ ಹಾಕಿದರು. ಮಿಲ್ಲನ್ನು ಹಿಡಿದು ಸಂಬಂದದ ಕಡೆ ಎಳೆಯತೊಡಗಿದರು.

ಕಾರ್ತಿಕಾ: ರಕ್ತ ಮೌಸ್ ಹಿಡಿದು ಎಳೆದ್ರೆ ಬದಲಾಗುತ್ತಾ ಅಂತ ಅವತ್ತು ಕೇಳಿದ್ದು ಯಾರಪ್ಪಾ?

ಮೌಸು ಅಲ್ಲೇ ನಿಂತಿತು. ಮಿಲ್ಲು ಎರಡು ಫೋಲ್ಡರುಗಳ ನಡುವೆ ತೂಗಾಡುತ್ತಿತ್ತು. ಮಾಮ ಬೆರಳು ಬಿಟ್ಟರು. ಅದು ಹಾರಿ ಪಂಗಾಳಿಯೊಳಗೇ ಹೋಗಿ ಕೂತಿತು.

ಚಿನ್ನತಂಬಿ: ಇಷ್ಟು ದಿನ ಬಾಯಿ ಬಿಟ್ಟು ಹೇಳ್ಬಾರ್ದಾಗಿತ್ತಾ ತಾಯಿ?

ಕಾರ್ತಿಕಾ: ಬಾಯಿ ಬಿಟ್ಟು ಹೇಳಿದ್ರೆ ನೀ ಚಿನ್ನಪುಳ್ಳೆ, ಸಣ್ ಮಗು, ನಿಂಗೇನು ತಿಳೀತದೆ ಅಂತೀರಿ. ಕಂಪ್ಯೂಟರಲ್ಲಿ ಬಂದ್ರೆ ತಾನೆ ನಂಬ್ತೀರಿ?

ಶರವಣನ್ ಏನು ಮಾಡಬೇಕೆಂದು ತೋಚದೆ ಕುಡಿಯುವ ನೀರಿನ ಲೋಟವನ್ನು ಮಾಮನ ಮುಂದೆ ಇಟ್ಟ. ಮಾಮ ಕುಡಿಯಲಿಲ್ಲ. ಸಂಬಂದ ಫೋಲ್ಡರನ್ನು ತಾವೇ ತೆರೆದರು.

ಒಳಗೆ ಒಂದೇ ಒಂದು ಪೇಜಿನ ಹೆಸರಿತ್ತು. ಕ್ಲಿಕ್ ಮಾಡಿದರು. ಪರದೆಯ ನಡುವೆ ಗುಲಾಬಿ ಹೂವು ಗಿರ್ರನೆ ತಿರುಗತೊಡಗಿತು.

ಇದನ್ನು ಅಲ್ಲಿ ಇಟ್ಟವನು ತಾನಲ್ಲ ಎಂದು ಆಣೆ ಮಾಡಬೇಕೆಂದು ಶರವಣನ್ ಬಾಯಿ ತೆರೆದ. ಕಾರ್ತಿಕಾಳ ಕಡೆ ನೋಡಿದ. ಆಮೇಲೆ ಬಾಯಿ ಮುಚ್ಚಿದ. ಜನ್ಮದಲ್ಲಿ ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಚಿನ್ನತಂಬಿ: ಈ ಹೂವು ಸುತ್ತೋದು ನಿಲ್ಸಕ್ಕಾಗಲ್ವಾ? ನೋಡಿದ್ರೆ ತಲೆ ಸುತ್ತುತ್ತೆ.

ಶರವಣನ್: ಇವತ್ತೇ ನಿಲ್ಲಿಸ್ತೀನಿ ಮಾಮ.

ಅಷ್ಟರಲ್ಲಿ ಇಂಟರ್‌ನೆಟ್ ಲೈನು ಕಟ್ಟಾಯಿತು. ಅದಕ್ಕೇ ಕಾದಿದ್ದ ಹಾಗೆ ಫೋನು ಹೊಡೆದುಕೊಂಡಿತು. ವೇದಸಂದೂರಿನ ತರಗರು. ಚಿನ್ನತಂಬಿ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಹುಡುಗ ಚಿನ್ನದಂಥವನು, ಮೀಸೆಯಂತೂ ಹೇಳಲೇಬೇಕಾಗಿಲ್ಲ, ಆದರೆ ಮುರೆ ಕೂಡಿಬರುತ್ತಿಲ್ಲ, ನೋಡಿದರೆ ಇಬ್ಬರೂ ಅಣ್ಣತಂಗಿ ಆಗುತ್ತಾರೆ ಎಂದರು. ಅದನ್ನು ಹೇಳಿದ್ದು ಯಾರು ಎಂದು ಆ ಕಡೆಯವರು ಕೇಳಿರಬೇಕು.

ಚಿನ್ನತಂಬಿ: ಕಂಪ್ಯೂಟರ್ ಹೇಳ್ತು.

ಜ್ಯೋತಿಷಿ ಹೇಳಿದ್ದರೆ ಇನ್ನೊಬ್ಬ ಜ್ಯೋತಿಷಿಯ ಹತ್ತಿರ ಹೋಗಬಹುದು. ಕಂಪ್ಯೂಟರ್ ಹೇಳಿದ ಮೇಲೆ ಆಗ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಫೋನ್ ಇಟ್ಟು ಚಿನ್ನತಂಬಿ ಆ ನೀರನ್ನು ಒಂದೇ ಗುಟುಕಿಗೆ ಕುಡಿದರು.

ಚಿನ್ನತಂಬಿ: ಸಾವಿರ ಸುಳ್ಳು ಹೇಳಿ ಒಂದು ಕಲ್ಯಾಣ ಮಾಡು ಅಂತಾರೆ. ಒಂದಾಯ್ತು ತಾಯಿ. ಮಿಕ್ಕಿದ್ದೆಲ್ಲ ನಿಮ್ಮಮ್ಮನ ಹತ್ರ ಹೋಗಿ ಹೇಳ್ಬೇಕು.

ಕಾರ್ತಿಕಾ ಮತ್ತೆ ಬೆನ್ನು ತಿರುಗಿಸಿಕೊಂಡು ಅರ್ಜಿ ಟೈಪ್ ಮಾಡತೊಡಗಿದಳು. ಎಲ್ಲವನ್ನೂ ತಪ್ಪು ತಪ್ಪಾಗಿ ಹೊಡೆಯುತ್ತಿದ್ದಳು, ಅದನ್ನು ಯಾರೂ ನೋಡುತ್ತಿರಲಿಲ್ಲ. ಶರವಣನ್ ಸಂತೋಷಕ್ಕೆ ಏನು ಮಾಡುವುದೆಂದು ತಿಳಿಯದೆ, ಮೌಸ್ ಹಿಡಿದು ಪಂಗಾಳಿ ಫೋಲ್ಡರು ತೆರೆದು, ವೇದಸಂದೂರು ಮಿಲ್ಲಿನ ಮೇಲೆ ಇಟ್ಟು, ಇನ್ನೇನು ಡಿಲೀಟ್ ಒತ್ತಬೇಕು, ಅಷ್ಟರಲ್ಲಿ ಮೆಟ್ಟಿಲವರೆಗೆ ಹೋಗಿದ್ದ ಮಾಮ ತಿರುಗಿ ನೋಡಿದರು.

ಚಿನ್ನತಂಬಿ: ಅದನ್ನ ಅಳಿಸ್ಬೇಡಿ ಮಾಪಿಳ್ಳೆ. ಕಲ್ಯಾಣ ಪತ್ರಿಕೆ ಹೊಡೆಸಿದ್ರೆ ಮೊದಲನೇದು ಪಂಗಾಳಿ ಮನೆಗೆ ತಾನೆ ಹೋಗ್ಬೇಕು?