ಗೇಟಿನ ಆಚೆ ರೊಟ್ಟಿ, ಈಚೆ ನಾನು

ಮುಚ್ಚಿದ ರೈಲ್ವೆ ಗೇಟನ್ನು ಕಂಡು ಸಂತೋಷಪಡುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನೋಡಬೇಕೆನಿಸಿದರೆ ಕೋಲ್ಕತಾದ ಬೆಹಾಲಾದಲ್ಲಿರುವ ನಮ್ಮ ಫ್ಲಾಟಿಗೆ ಬನ್ನಿ. ಬಾಗಿಲು ತೆರೆಯುವವನೇ ಅವನು. ಗೇಟು ಬಿತ್ತೆಂದರೆ ಉಳಿದವರೆಲ್ಲ ಹಾರ್ನ್ ಒತ್ತುತ್ತಾರೆ, ವಾಚು ನೋಡುತ್ತಾರೆ, ಕಂಡಿರದ ಸ್ಟೇಷನ್ ಮಾಸ್ತರರ ವಂಶವನ್ನು ಜಾಲಾಡುತ್ತಾರೆ. ನಾನು ಮಾತ್ರ ಸ್ಕೂಟರನ್ನು ಬದಿಗೆ ಹಾಕಿ, ಕುತ್ತಿಗೆಯ ಕ್ಯಾಮೆರಾ ಸರಿಮಾಡಿಕೊಂಡು, ಪಂಕ್ತಿಯಲ್ಲಿ ಮೊದಲ ಎಲೆ ಸಿಕ್ಕವನ ಹಾಗೆ ಅರಳುತ್ತೇನೆ. ಅದರಲ್ಲೂ ಬರುವುದು ಗೂಡ್ಸ್ ಗಾಡಿಯಾಗಿರಬೇಕು. ಎಕ್ಸ್‌ಪ್ರೆಸ್ ಗಾಡಿಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಅವಕ್ಕೆ ಹೆಸರಿದೆ, ವೇಳೆಯಿದೆ, ಕಿಟಕಿಯಲ್ಲಿ ಚಿಪ್ಸ್ ತಿನ್ನುವ ಜನರಿದ್ದಾರೆ. ಅವನ್ನು ಯಾರು ಬೇಕಾದರೂ ಕ್ಯಾಮೆರಾದಲ್ಲಿ ಹಿಡಿಯಬಹುದು. ಗೂಡ್ಸ್ ಗಾಡಿ ಹಾಗಲ್ಲ. ಅದು ಬಂದಾಗ ಬಂತು, ನಿಂತಲ್ಲಿ ನಿಂತಿತು. ಅದಕ್ಕಾಗಿ ಕಾಯುವುದಕ್ಕೆ ಒಂದು ಯೋಗ್ಯತೆ ಬೇಕು, ಆ ಯೋಗ್ಯತೆ ನನ್ನಲ್ಲಿದೆ ಎಂದು ನಾನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ.

ಈ ಸಂಕೋಚವಿಲ್ಲದ ಮಾತನ್ನು ನನ್ನ ಹೆಂಡತಿ ಸುಮಂಗಲಾ ಒಪ್ಪುವುದಿಲ್ಲ. ಅವಳು ಹುಬ್ಬಳ್ಳಿಯವಳು, ನಾನು ಮೈಸೂರಿನವನು. ನಮ್ಮಿಬ್ಬರನ್ನೂ ಕೋಲ್ಕತಾಕ್ಕೆ ತಂದು ಇಳಿಸಿದ್ದು ಅಲಿಪುರದಲ್ಲಿರುವ ನನ್ನ ಸರ್ಕಾರಿ ಕಚೇರಿ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಕ್ಯಾಮೆರಾ ಹೆಗಲಿಗೇರಿಸಿದ ಕೂಡಲೇ ಅವಳು ಕೇಳುವುದು ಒಂದೇ ಪ್ರಶ್ನೆ: “ಎಷ್ಟೊತ್ತಿಗೆ ಬರ್ತೀರಿ?” ಗೂಡ್ಸ್ ಗಾಡಿಗೆ ವೇಳಾಪಟ್ಟಿ ಇಲ್ಲ ಕಣೇ, ನನಗೆಲ್ಲಿಂದ ಬರಬೇಕು ಎನ್ನುತ್ತೇನೆ. “ಗಾಡಿಗಿಲ್ಲಂದ್ರ ಇಲ್ಲ, ಹೊಟ್ಟಿಗೆ ಐತಲ್ರೀ” ಎನ್ನುತ್ತಾಳೆ. ಒಮ್ಮೆ ನಮ್ಮತ್ತೆ ಬಂದಿದ್ದಾಗ ಅವರನ್ನು ಕಾಳಿಘಾಟಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಷ್ಟು ನೂಕುನುಗ್ಗಲಿನಲ್ಲೂ ಕಣ್ಣು ಮುಚ್ಚಿ ಕೈಮುಗಿದ ಅಳಿಯನನ್ನು ಕಂಡು ಅವರಿಗೆ ಭಕ್ತಿ ಉಕ್ಕಿ, ಏನು ಬೇಡಿಕೊಂಡಿರಿ ಎಂದು ಕೇಳಿದರು. ಬೆಳಗಿನ ಬಿಸಿಲಲ್ಲಿ ಜೋಡಿ ಎಂಜಿನ್ನಿನ ಕಲ್ಲಿದ್ದಲು ಗಾಡಿಯೊಂದು ಎದುರಿನಿಂದ ಬರಲಿ ಎಂದು ಬೇಡಿಕೊಂಡೆ ಅಂದೆ. ಅತ್ತೆ ಮರುದಿನದಿಂದ ನನ್ನ ತಟ್ಟೆಗೆ ತುಪ್ಪ ಕಡಿಮೆ ಮಾಡಿದರು. ನನ್ನನ್ನು ಅರ್ಥಮಾಡಿಕೊಂಡಿರುವ ಪ್ರಾಣಿ ಈ ಊರಿನಲ್ಲಿ ಒಂದೇ ಒಂದು, ನಮ್ಮ ಓಣಿಯ ಘೋಷ್‌ಬಾಬು. ನಿವೃತ್ತರು, ನನಗಿಂತ ದೊಡ್ಡ ಕ್ಯಾಮೆರಾ ಇರುವವರು, ಗೂಡ್ಸ್ ಗಾಡಿಗಳ ಚಿತ್ರ ಹಂಚಿಕೊಳ್ಳುವ ನಮ್ಮ ವಾಟ್ಸಾಪ್ ಗುಂಪಿನ ಯಜಮಾನರು. ಚಿತ್ರದಲ್ಲಿ ಗಾಡಿ ಬಿಟ್ಟು ಮನುಷ್ಯರಾರೂ ಇರಕೂಡದು ಎಂಬುದು ಅವರು ಮಾಡಿದ ಏಕೈಕ ಕಾನೂನು.

ಇನ್ನು ನಮ್ಮ ಕನ್ನಡ ಬಳಗದ ವಿಚಾರ. ಕೋಲ್ಕತಾದಲ್ಲಿ ಕನ್ನಡಿಗರು ಬೆರಳೆಣಿಕೆಯಷ್ಟಿದ್ದರೂ ಪಕ್ಷ ಎರಡಿವೆ: ಬಿಸಿಬೇಳೆಬಾತಿನ ಮೈಸೂರು ಪಕ್ಷ, ಜೋಳದ ರೊಟ್ಟಿಯ ಧಾರವಾಡ ಪಕ್ಷ. ಯುಗಾದಿಗೋ ರಾಜ್ಯೋತ್ಸವಕ್ಕೋ ಎಲ್ಲರೂ ಸೇರಿದಾಗ ವೇದಿಕೆಯ ಮೇಲೆ ಅಖಂಡ ಕರ್ನಾಟಕದ ಜಯಕಾರ ಆಗುತ್ತದೆ, ಅಡುಗೆಮನೆಯಲ್ಲಿ ಮಾತ್ರ ಏಕೀಕರಣ ಇನ್ನೂ ಆಗಿಲ್ಲ. ಅಧ್ಯಕ್ಷರಾದ ಶೇಷಾದ್ರಿಗಳು ನಂಜನಗೂಡಿನವರು. ಅವರ ಕೈಯಲ್ಲಿ ಸೌಟು ಇರುವವರೆಗೆ ಊಟವೆಂದರೆ ಬಿಸಿಬೇಳೆಬಾತೇ. ರೊಟ್ಟಿಯ ಪ್ರಸ್ತಾಪ ಬಂದಾಗಲೆಲ್ಲ ಅವರು ಬಹಳ ಮೃದುವಾಗಿ, “ಅಷ್ಟು ಜನಕ್ಕೆ ತಟ್ಟೋದು ಕಷ್ಟ ಕಣಮ್ಮ, ನಿಮಗ್ಯಾಕೆ ತೊಂದರೆ” ಎನ್ನುತ್ತಿದ್ದರು. ಈ ಮೃದುತ್ವವನ್ನು ಸುಮಂಗಲಾ ವರ್ಷಗಟ್ಟಲೆ ಸಹಿಸಿದಳು. ಈ ಸಲದ ಯುಗಾದಿಗೆ ಮಹಿಳೆಯರ ಸಭೆಯಲ್ಲಿ ಎದ್ದು ನಿಂತು, ಊಟ ನಮ್ಮದು, ಒಂದು ಗಂಟೆಗೆ ಎಲೆ ಹಾಕಿಸಿ, ತಡವಾದರೆ ಇನ್ನೆಂದೂ ಕೇಳುವುದಿಲ್ಲ ಎಂದು ಪಣ ತೊಟ್ಟು ಬಂದಳು. ಹುಬ್ಬಳ್ಳಿಯಿಂದ ಬರುವ ಪರಿಚಯಸ್ಥರ ಸಾಮಾನಿನಲ್ಲಿ ಜೋಳದ ಹಿಟ್ಟು ತರಿಸಿದಳು. ಗುರೆಳ್ಳಿನ ಪುಡಿ, ಶೇಂಗಾ ಚಟ್ನಿ, ಎಣ್ಣೆಗಾಯಿಗೆ ಎಳೆಯ ಬದನೆ, ಎಲ್ಲ ಸಿದ್ಧವಾಯಿತು. ಹಿಂದಿನ ದಿನ ಸಂಜೆ ನನ್ನನ್ನು ಕೂರಿಸಿಕೊಂಡು ಹೇಳಿದಳು: “ನೀವು ಮೈಸೂರಿನವರು, ಗೊತ್ತೈತಿ. ನಾಳೆ ಒಂದ ದಿನ ನನ್ನ ಕಡೆ ಇರ್ರಿ.” ನನಗೆ ಆ ಮಾತು ನಿಜವಾಗಿಯೂ ತಾಗಿತು. ಎದೆ ತಟ್ಟಿಕೊಂಡು, ಸಾಗಣೆಯ ಹೊಣೆ ನನ್ನದು ಎಂದೆ. ಸರಕು ಸಾಗಣೆಯಲ್ಲಿ ನನ್ನಷ್ಟು ಆಸಕ್ತಿಯುಳ್ಳವನು ಆ ಬಳಗದಲ್ಲಿ ಇನ್ನಾರೂ ಇರಲಿಲ್ಲ.

ಆ ಹೊಣೆಯನ್ನು ನಾನು ಹೊತ್ತ ರೀತಿಯನ್ನು ಈಗ ಹೇಳಬೇಕು. ಬಳಗದ ಊಟವಿದ್ದದ್ದು ಅಲಿಪುರದ ಕಡೆಯ ಒಂದು ಬಾಡಿಗೆ ಸಭಾಂಗಣದಲ್ಲಿ. ಭಾನುವಾರ ಬೆಹಾಲಾದ ದೊಡ್ಡ ರಸ್ತೆಯಲ್ಲಿ ಮೀನಿನ ಚೀಲಗಳಿಗೂ ಬಸ್ಸುಗಳಿಗೂ ಪೈಪೋಟಿ. ಹಾಗಾಗಿ ಬಂದರಿಗೆ ಹೋಗುವ ಗೂಡ್ಸ್ ಲೈನನ್ನು ದಾಟುವ ಒಳರಸ್ತೆಯೇ ವಾಸಿ ಎಂದೆ. ಅಲ್ಲಿ ಗೇಟು ಬೀಳುತ್ತದಲ್ಲ ಎಂದು ಸುಮಂಗಲಾ ಅನುಮಾನಿಸಿದಳು. ಗಾಡಿ ಎಂಟಕ್ಕೇ ಹೋಗಿಬಿಡುತ್ತದೆ ಎಂದು ನಕ್ಕೆ. ಬಂದರಿನಲ್ಲಿ ಕಂಟೇನರುಗಳನ್ನಿಳಿಸಿದ ಖಾಲಿ ಗಾಡಿಯೊಂದು ಹುಬ್ಬಳ್ಳಿ ಶೆಡ್ಡಿನ ಎಂಜಿನ್ ಹಚ್ಚಿಕೊಂಡು ಬೆಳಿಗ್ಗೆ ಹೊರಡುತ್ತದೆಂದು ಘೋಷ್‌ಬಾಬು ಸುದ್ದಿ ತಂದಿದ್ದರು. ಎಂಜಿನ್ನುಗಳಿಗೂ ತವರುಮನೆ ಉಂಟು. ದೇಶವೆಲ್ಲ ಅಲೆದರೂ ಮೈಮೇಲೆ ತವರಿನ ಶೆಡ್ಡಿನ ಹೆಸರು ಬರೆಸಿಕೊಂಡೇ ಓಡುತ್ತವೆ. ಹುಬ್ಬಳ್ಳಿಯದು ಈ ಊರಿಗೆ ಬರುವುದು ಅಪರೂಪ. ನನ್ನ ಲೆಕ್ಕ ಹೀಗಿತ್ತು: ಎಂಟಕ್ಕೆ ಗಾಡಿ ಬರುತ್ತದೆ, ಗೇಟಿನ ಅಲಿಪುರದ ಮಗ್ಗುಲಲ್ಲಿ ನಿಂತು ನಾನು ಅದನ್ನು ಹಿಡಿಯುತ್ತೇನೆ, ಹನ್ನೊಂದೂವರೆಗೆ ರೊಟ್ಟಿಯ ವ್ಯಾನು ಬರುತ್ತದೆ, ಗೇಟು ದಾಟಿದ ಕೂಡಲೇ ಹತ್ತಿಕೊಳ್ಳುತ್ತೇನೆ. ವೇಳಾಪಟ್ಟಿ ಇಲ್ಲವೆಂದು ಜಗತ್ತಿಗೆಲ್ಲ ಸಾರಿದವನೇ ಗೂಡ್ಸ್ ಗಾಡಿಗೊಂದು ವೇಳಾಪಟ್ಟಿ ಬರೆದು ಕೊಟ್ಟೆ. ಇಂಥ ತಪ್ಪನ್ನು ರೈಲಿನ ಹುಚ್ಚಿಲ್ಲದವನು ಮಾಡಲಾರ. ಅವನು ದೊಡ್ಡ ರಸ್ತೆಯಲ್ಲಿ ಹೋಗಿಬಿಡುತ್ತಾನೆ.

ಎಂಟಕ್ಕೆ ಗಾಡಿ ಬರಲಿಲ್ಲ. ಒಂಬತ್ತಕ್ಕೂ ಇಲ್ಲ, ಹತ್ತಕ್ಕೂ ಇಲ್ಲ. ನಾನೂ ಘೋಷ್‌ಬಾಬುವೂ ಮಣ್ಣಿನ ಕುಡಿಕೆಗಳಲ್ಲಿ ಚಹಾ ಕುಡಿಯುತ್ತ, ಇದೇ ಗೂಡ್ಸಿನ ಗಾಂಭೀರ್ಯವೆಂದು ಪರಸ್ಪರ ಹೇಳಿಕೊಂಡೆವು. ರೊಟ್ಟಿಯ ನೆನಪು ನನಗಿರಲಿಲ್ಲವೆಂದಲ್ಲ, ಇತ್ತು. ಗಾಡಿ ಬಂದು ಹೋಗುವುದು ಎಷ್ಟು ಹೊತ್ತಿನ ಮಾತು ಎಂಬ ಧೈರ್ಯವೂ ಇತ್ತು. ವ್ಯಾನು ಬರುವ ಹೊತ್ತಾಗುತ್ತಿದ್ದಂತೆ ಗೇಟು ಬಿತ್ತು, ದೂರದಲ್ಲಿ ಹಾರ್ನ್ ಕೇಳಿತು. ಎಂಜಿನ್ನು ತೂಗುತ್ತ ಬಂದು ನಮ್ಮನ್ನು ದಾಟಿತು. ಅದರ ಮೈಮೇಲೆ ಹುಬ್ಬಳ್ಳಿಯ ಹೆಸರು ನೋಡಿ, ಹೆಂಡತಿಯ ಊರಿನವರು ಯಾರಾದರೂ ಸಿಕ್ಕಾಗ ಆಗುವಂತೆ ನನಗೆ ನೆಟ್ಟಗೆ ನಿಲ್ಲಬೇಕೆನಿಸಿತು. ಹಿಂದೆಯೇ ಬರೀ ತಳವಷ್ಟೇ ಇರುವ ಖಾಲಿ ವ್ಯಾಗನ್ನುಗಳ ಸಾಲು. ದೇವರೇ, ಇದು ಒಂದು ಕ್ಷಣ ಇಲ್ಲಿ ನಿಲ್ಲಲಿ, ಎರಡು ಒಳ್ಳೆಯ ಚಿತ್ರ ಸಿಗಲಿ ಎಂದುಕೊಂಡೆ. ಕಾಳಿಘಾಟಿನಲ್ಲಿ ಕೇಳಿದ್ದನ್ನು ಕೊಡದ ದೇವಿ ಇದನ್ನು ಕೂಡಲೇ ನಡೆಸಿಕೊಟ್ಟಳು. ಮುಂದೆಲ್ಲೋ ಕೆಂಪು ಸಿಗ್ನಲ್ ಇತ್ತೆಂದು ಕಾಣುತ್ತದೆ, ಗಾಡಿ ನರಳಿ, ಗೇಟಿಗೆ ಅಡ್ಡಲಾಗಿ ನಿಂತಿತು. ನಾನು ಖುಷಿಯಿಂದ ಕ್ಯಾಮೆರಾ ಎತ್ತಿದೆ. ಈಗಿನ ಕ್ಯಾಮೆರಾಗಳಿಗೆ ಒಂದು ಚಾಳಿಯಿದೆ. ಎದುರಿಗೆ ಮುಖವೇನಾದರೂ ಕಂಡರೆ ತಾವಾಗಿಯೇ ಒಂದು ಚೌಕ ಬರೆದು ಅದನ್ನು ಹಿಡಿದುಕೊಳ್ಳುತ್ತವೆ. ಖಾಲಿ ವ್ಯಾಗನ್ನಿನ ಆಚೆ ಅಂಥದೊಂದು ಚೌಕ ಮೂಡಿತು. ಯಾರಪ್ಪಾ ಗಾಡಿಗೆ ಅಡ್ಡ ಬಂದವರು ಎಂದು ಗೊಣಗುತ್ತ ಬಟನ್ ಒತ್ತಿದ ಮೇಲೆ ಗೊತ್ತಾಯಿತು, ಆ ಮುಖದ ಜೊತೆ ನಾನು ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೆ.

ಸುಮಂಗಲಾ ರೊಟ್ಟಿಯ ದೊಡ್ಡ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಗೇಟಿನ ಆಚೆ ನಿಂತಿದ್ದಳು. ಪಕ್ಕದಲ್ಲಿ ಮಗಳು ಪಲ್ಲವಿ, ಹಿಂದೆ ವ್ಯಾನಿನಲ್ಲಿ ಧಾರವಾಡ ಪಕ್ಷದ ಹೆಂಗಸರು. ಫೋನ್ ಹೊಡೆದುಕೊಂಡಿತು. ಎತ್ತಿದರೆ ಅವಳ ದನಿ ಫೋನಿನಿಂದಲೂ ಗೇಟಿನಾಚೆಯಿಂದಲೂ ಒಟ್ಟಿಗೇ ಕೇಳಿಸಿತು.

“ಏನ್ರೀ, ಯಾವಾಗ ಹೋಗತೈತಿ ಇದು?”

“ಈಗ ಹೋಗ್ಬಿಡುತ್ತೆ ಕಣೇ.”

“ಎಂಟಕ್ಕ ಹೋಗತೈತಿ ಅಂದಿದ್ರಿ. ರೊಟ್ಟಿ ಆರಾಕತ್ತಾವ.”

“ಅದು ನಿಮ್ಮ ಹುಬ್ಬಳ್ಳಿ ಎಂಜಿನ್ನೇ ಕಣೇ,” ಎಂದೆ, ಅವಳಿಗೆ ಸ್ವಲ್ಪ ಸಮಾಧಾನವಾಗಲೆಂದು.

ಆಗಲಿಲ್ಲ. “ಹುಬ್ಬಳ್ಳಿ ಎಂಜಿನ್ನ ಅಡ್ಡ ನಿಲ್ಲಿಸಿ ಹುಬ್ಬಳ್ಳಿ ರೊಟ್ಟಿ ಕೆಡಸಾಕತ್ತೀರಿ. ಶೇಷಾದ್ರಿಯವರು ಹೇಳಿ ಮಾಡಿಸ್ಯಾರೇನ ಇದನ್ನ?” ಎಂದಳು. ಪಲ್ಲವಿ ಫೋನ್ ಕಿತ್ತುಕೊಂಡು, “ಅಪ್ಪಾ, ಪ್ಲೀಸ್, ಡೋಂಟ್ ಎಕ್ಸ್‌ಪ್ಲೇನ್ ದ ಎಂಜಿನ್” ಎಂದಳು. ಅಷ್ಟರಲ್ಲಿ ಗೇಟಿನ ಎರಡೂ ಬದಿಗೆ ಜನ ಸೇರಿದ್ದರು. ಅವರಲ್ಲಿ ಒಬ್ಬರಿಗೂ ಕನ್ನಡದ ಒಂದಕ್ಷರ ಬಾರದು, ಆದರೆ ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ಬಂಗಾಳಿಗಳಿಗೆ ಪರರ ಹೆಂಡತಿಯರೆಲ್ಲ ಬೌದಿ, ಅಂದರೆ ಅತ್ತಿಗೆ. ಮೀನಿನ ಚೀಲ ಹಿಡಿದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, ಬೌದಿಯನ್ನು ಬಿಸಿಲಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತೀರಾ ಎಂದು ಬೈದರು. ಘೋಷ್‌ಬಾಬು ತಾವು ನನ್ನ ಪರಿಚಯವೇ ಇಲ್ಲದವರಂತೆ ಎರಡು ಹೆಜ್ಜೆ ಸರಿದು ನಿಂತರು.

ಆಗ ಬಂತು ಶೇಷಾದ್ರಿಗಳ ಫೋನು. ಸುಮಂಗಲಾಳ ಕರೆಯನ್ನು ಬದಿಗಿಟ್ಟು ಎತ್ತಿದೆ. “ಏನ್ ಸಾರ್, ಗೇಟಲ್ಲಿ ಸಿಕ್ಕಿಹಾಕ್ಕೊಂಡಿದ್ದೀರಂತೆ. ಪಾಪ, ಮಕ್ಕಳೆಲ್ಲ ಹಸಿದಿದ್ದಾರೆ, ಎಲ್ಲಾದಕ್ಕೂ ಇರಲಿ ಅಂತ ಬೇಳೆ ಕುಕ್ಕರಿಗೆ ಹಾಕಿದ್ದೀನಿ. ಅಕ್ಕಿ ತೊಳೆದಿಟ್ಟಿದ್ದೀನಿ, ಬೇಯಿಸಿಬಿಡಲಾ?” ಅವರ ದನಿಯ ಹಿಂದೆ ಕುಕ್ಕರ್ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಮೈಸೂರಿನವನು, ಸುಳ್ಳಾಡಲಾರೆ: ಆ ಕೂಗಿಗೆ ನನ್ನ ಬಾಯಲ್ಲಿ ನೀರೂರಿತು. ಆದರೆ ವ್ಯಾಗನ್ನಿನ ಆಚೆ ಸುಮಂಗಲಾ ಬೈಯುವುದನ್ನೂ ನಿಲ್ಲಿಸಿ, ಸೆರಗಿನಿಂದ ಬುಟ್ಟಿಯ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದ್ದಳು. ಬೆಳಗಿನ ಜಾವ ಎದ್ದು ತಟ್ಟಿದ ರೊಟ್ಟಿಗಳವು. ಅಕ್ಕಿ ಬೇಯಿತೋ, ಅವಳ ಪಣ ಮುಗಿಯಿತು.

“ಅಕ್ಕಿ ಮುಟ್ಟಬೇಡಿ ಶೇಷಾದ್ರಿಗಳೇ,” ಎಂದು ಇಡೀ ಗೇಟಿಗೆ ಕೇಳುವಂತೆ ಕೂಗಿದೆ. “ಒಂದು ಗಂಟೆಗೆ ರೊಟ್ಟಿ ಎಲೆಯ ಮೇಲಿರುತ್ತೆ.”

“ಗೂಡ್ಸಿಗೆ ಟೈಮ್ ಇಲ್ಲ ಅಂತ ನೀವೇ ಹೇಳ್ತಿದ್ರಲ್ಲ ಸಾರ್?”

“ಬೇರೆ ಗೂಡ್ಸಿಗಿಲ್ಲ. ಇದು ನಮ್ಮ ಮನೆಯವರ ಊರಿನ ಎಂಜಿನ್,” ಎಂದು ಫೋನ್ ಇಟ್ಟುಬಿಟ್ಟೆ.

ಬುಡವಿಲ್ಲದ ಮಾತು ಎಂದು ನನಗೆ ಗೊತ್ತಿತ್ತು. ಗಾಡಿ ಅಲ್ಲಾಡಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಒಂದು ಗೂಡ್ಸ್ ಗಾಡಿ ತೊಲಗಲಿ ಎಂದು ಹಾರೈಸುತ್ತ ನಿಂತೆ. ಕ್ಯಾಮೆರಾ ಹೊಟ್ಟೆಯ ಮೇಲೆ ತೂಗುತ್ತಿತ್ತು, ಮುಟ್ಟಲಿಲ್ಲ. ಕೊನೆಗೆ ಮುಂದಿನಿಂದ ಹಾರ್ನ್ ಬಂತು. ಕೊಂಡಿಗಳು ಒಂದೊಂದಾಗಿ ಎಳೆದುಕೊಂಡ ಸದ್ದು ನಮ್ಮತ್ತ ಬಂದು, ದಾಟಿ, ಹಿಂದಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಗೇಟೆದ್ದಾಗ ವ್ಯಾನು ನನ್ನನ್ನು ಹತ್ತಿಸಿಕೊಳ್ಳಲೆಂದು ನಿಲ್ಲುವಷ್ಟು ದೊಡ್ಡ ಮನಸ್ಸು ಮಾಡಲಿಲ್ಲ, ಸ್ವಲ್ಪ ನಿಧಾನ ಮಾಡಿತು. ಬಾಗಿಲ ಬಳಿ ಓಡುತ್ತ ಹತ್ತಿದೆ.

ಒಂದು ಗಂಟೆಗೆ ಎಲೆ ಬಿತ್ತು, ರೊಟ್ಟಿಯೂ ಬಿತ್ತು. ಮೇಲಿನವು ಸ್ವಲ್ಪ ಆರಿದ್ದವು, ಒಳಗಿನವು ಬೆಚ್ಚಗಿದ್ದವು. ಹಸಿದವರಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಶೇಷಾದ್ರಿಗಳ ಕುಕ್ಕರಿನಲ್ಲಿ ಬೆಂದು ಅನಾಥವಾಗಿದ್ದ ಬೇಳೆಯನ್ನು ಸುಮಂಗಲಾ ವಶಪಡಿಸಿಕೊಂಡು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ರೊಟ್ಟಿಯ ಪಕ್ಕಕ್ಕೆ ಬಡಿಸಿಬಿಟ್ಟಳು. ಶತ್ರುವಿನ ಬೇಳೆಯಿಂದಲೇ ಗೆದ್ದ ಯುದ್ಧವದು. ಶೇಷಾದ್ರಿಗಳು ಮೂರನೇ ರೊಟ್ಟಿ ಮುರಿಯುತ್ತ, “ತಟ್ಟೋದು ಕಷ್ಟವಾದರೂ ತಿನ್ನೋದು ಕಷ್ಟವಲ್ಲ ಕಣಮ್ಮ” ಎಂದು ಬಹಳ ಮೃದುವಾಗಿ ಸೋಲೊಪ್ಪಿಕೊಂಡರು. ಸುಮಂಗಲಾ ಎಲ್ಲರಿಗೂ ಎರಡೆರಡು ಸಲ ಬಡಿಸಿದಳು, ನನ್ನ ಎಲೆಯನ್ನು ಮಾತ್ರ ಖಾಲಿ ವ್ಯಾಗನ್ನಿನಂತೆ ಸ್ವಲ್ಪ ಹೊತ್ತು ಬಿಟ್ಟು, ಕೊನೆಗೆ ಒಂದು ಹಾಕಿದಳು. ಅದು ಒಳಗಿನ, ಬೆಚ್ಚಗಿನದು.

ಮನೆಗೆ ಬಂದು ಕ್ಯಾಮೆರಾ ತೆರೆದೆ. ಬೆಳಗಿನಿಂದ ಕಾದು ಕುಳಿತದ್ದಕ್ಕೆ ಸಿಕ್ಕಿದ್ದು ಒಂದೇ ಚಿತ್ರ. ಹುಬ್ಬಳ್ಳಿ ಎಂಜಿನ್ನಿಗೆ ನೆಟ್ಟಗೆ ನಿಂತು ಗೌರವ ಸಲ್ಲಿಸುವ ಭರದಲ್ಲಿ ಕ್ಯಾಮೆರಾ ಎತ್ತುವುದನ್ನೇ ಮರೆತಿದ್ದೆ. ಈ ಒಂದರಲ್ಲೂ ವ್ಯಾಗನ್ನು ಪೂರ್ತಿ ಮಸುಕು. ನಟ್ಟನಡುವೆ, ಬುಟ್ಟಿ ಸೊಂಟಕ್ಕಿಟ್ಟು ಹುಬ್ಬು ಗಂಟಿಕ್ಕಿದ ಸುಮಂಗಲಾ, ಹಣೆಯ ಮೇಲಿನ ಬೆವರ ಹನಿ ಸಮೇತ ಸ್ಪಷ್ಟ. ಅಭ್ಯಾಸಬಲದಿಂದ ಗುಂಪಿಗೆ ಹಾಕಿದೆ. ಘೋಷ್‌ಬಾಬು ತಕ್ಷಣ ಬರೆದರು: ಗಾಡಿ ಕಾಣುತ್ತಿಲ್ಲ, ಮನುಷ್ಯರಿದ್ದಾರೆ, ದಯವಿಟ್ಟು ತೆಗೆಯಿರಿ. ತೆಗೆಯಲು ಹೊರಟವನ ಹೆಗಲ ಮೇಲಿಂದ ಸುಮಂಗಲಾ ಬಗ್ಗಿ ನೋಡಿದಳು.

“ಇಪ್ಪತ್ತೈದು ವರ್ಷದಾಗ ನಂದೊಂದು ಫೋಟೋ ಛಲೋ ತಗದಿದ್ದಿಲ್ಲ ನೀವು,” ಎಂದಳು. “ನಡುವ ಒಂದು ಗೂಡ್ಸ್ ಗಾಡಿ ನಿಲ್ಲಬೇಕಾತು ನೋಡ್ರಿ.”

ಆ ಚಿತ್ರ ಈಗ ನಮ್ಮ ಫ್ರಿಜ್ಜಿನ ಬಾಗಿಲಲ್ಲಿದೆ. ಗುಂಪಿನಿಂದ ಅದನ್ನು ತೆಗೆಯಲು ಒಪ್ಪದಿದ್ದುದಕ್ಕೆ ಘೋಷ್‌ಬಾಬು ನನ್ನನ್ನೇ ತೆಗೆದಿದ್ದಾರೆ. ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿದರೆ ಸುಮಂಗಲಾ ಈಗ ಎಷ್ಟೊತ್ತಿಗೆ ಬರ್ತೀರಿ ಎಂದು ಕೇಳುವುದಿಲ್ಲ. ಯಾವ ಗೇಟು ಎಂದು ಕೇಳುತ್ತಾಳೆ. ನಾನೂ ನಿಜ ಹೇಳುತ್ತೇನೆ, ಹೇಳಿ, ಅಲ್ಲಿ ಹೋಗಿ ನಿಂತು, ಗಾಡಿ ಬಂದಾಗಲೆಲ್ಲ ಮೊದಲು ಅದರ ಆಚೆ ಬದಿಗೆ ಯಾರಾದರೂ ನಿಂತಿದ್ದಾರೆಯೇ ಎಂದು ಇಣುಕಿ ನೋಡುತ್ತೇನೆ. ಅಷ್ಟರಲ್ಲಿ ಎಂಜಿನ್ನು ದಾಟಿ ಹೋಗಿರುತ್ತದೆ.