ನನ್ನ ಪಿಸ್ತೂಲೂ ಸರೋಜಳ ಆಯುಧಪೂಜೆಯೂ

ವಸ್ತುವನ್ನು ಆರಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಂಗಪುರದ ಹಡಗುಕಟ್ಟೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿಕೊಂಡೇ ನಿವೃತ್ತನಾದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದು ಬೋಲ್ಟು ನನ್ನ ಮೇಜು ದಾಟುತ್ತಿರಲಿಲ್ಲ. ಮನೆಗೆ ಫ್ರಿಜ್ಜು ಕೊಳ್ಳುವಾಗ ಅಂಗಡಿಯಲ್ಲಿದ್ದ ಎಲ್ಲ ಫ್ರಿಜ್ಜುಗಳ ಬಾಗಿಲನ್ನೂ ತೆಗೆದು, ಹಾಕಿ, ತೆಗೆದು, ಹಾಕಿ ನೋಡಿದೆ. ಅಂಗಡಿಯವನು ಸ್ಟೂಲು ಎಳೆದುಕೊಂಡು ಕೂತುಬಿಟ್ಟ. ಆ ಫ್ರಿಜ್ಜು ಇಂದಿಗೂ ಓಡುತ್ತಿದೆ!

ಯಿಶುನ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ನನ್ನ ಶಿಸ್ತು ಎಲ್ಲರಿಗೂ ಗೊತ್ತು. ಇಸ್ತ್ರಿ ಮಾಡಿದ ಶರಟು, ಕಾಲಿನ ತುದಿಯಲ್ಲಿ ಹೊರಮಡಿಕೆಯಿರುವ ಪ್ಯಾಂಟು, ಕೈಯಲ್ಲಿ ಉದ್ದ ಛತ್ರಿ. ಬೆಳಿಗ್ಗೆ ನನ್ನ ಛತ್ರಿಯ ಟಿಕ್ ಟಿಕ್ ಕೇಳಿದರೆ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ ಚದುರಂಗ ಆಡುವ ಚೀನೀ ಮುದುಕರು ಕೈಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಇಷ್ಟು ವರ್ಷ ಈ ದೇಶದಲ್ಲಿದ್ದು ಒಂದು ಬಸ್ ಟಿಕೀಟನ್ನೂ ರಸ್ತೆಯಲ್ಲಿ ಬಿಸುಟವನಲ್ಲ.

ಇಂಥ ನಾನು ಒಂದು ದಿನ ಟೀವಿಯಲ್ಲಿ ಗುರಿ ಹೊಡೆಯುವ ಸ್ಪರ್ಧೆ ನೋಡಿದೆ. ವೃತ್ತದೊಳಗೆ ವೃತ್ತ, ನಟ್ಟನಡುವೆ ಒಂದು ಬಿಂದು. ಮಾತಿಲ್ಲ, ಗದ್ದಲವಿಲ್ಲ, ಎಲ್ಲರೂ ಸಾಲಾಗಿ ನಿಂತಿದ್ದಾರೆ. ಇದು ನನಗಾಗಿಯೇ ಕಂಡುಹಿಡಿದ ಆಟವೆಂದು ಆ ಕ್ಷಣವೇ ಖಾತ್ರಿಯಾಯಿತು.

"ಪಿಸ್ತೂಲಾ?" ಎಂದಳು ನನ್ನ ಹೆಂಡತಿ ಸರೋಜ. "ಪಟಾಕಿ ಹಚ್ಚೋಕೇ ಊದಿನಕಡ್ಡಿಗೆ ಕೋಲು ಕಟ್ಟಿಕೊಳ್ಳೋರು ನೀವು!"

"ಅದು ಮುನ್ನೆಚ್ಚರಿಕೆ ಕಣೇ."

"ಸರಿ, ಅದೇನು ಹೊಡೀತೀರೋ ಅಲ್ಲೇ ಹೊಡ್ಕೊಂಡು ಬನ್ನಿ. ಅದರ ಒಂದು ಚೂರು ಈ ಮನೆ ಹೊಸ್ತಿಲು ದಾಟಿತೋ, ಅವತ್ತಿಗೆ ನಿಮ್ಮ ಪಿಸ್ತೂಲು ಬಂದ್!"

ಈ ಷರತ್ತಿಗೆ ನಾನು ಧಾರಾಳವಾಗಿ ಒಪ್ಪಿದೆ. ಏಕೆಂದರೆ ಸರ್ಕಾರದ ಷರತ್ತೂ ಅದೇ! ಇಲ್ಲಿ ಪೊಲೀಸರ ಅನುಮತಿ ಪಡೆದು ಖರೀದಿಸಿದರೂ ಪಿಸ್ತೂಲು ಮನೆಗೆ ಬರುವುದಿಲ್ಲ. ಮದುವೆಯಾದ ಮೇಲೂ ತವರಿನಲ್ಲೇ ಉಳಿದ ಹೆಣ್ಣಿನ ಹಾಗೆ ಅದು ಕ್ಲಬ್ಬಿನ ಕಬ್ಬಿಣದ ಕೋಣೆಯಲ್ಲಿರುತ್ತದೆ. ನಾವೇ ಹೋಗಿ ಮಾತಾಡಿಸಿಕೊಂಡು ಬರಬೇಕು.

ಕ್ಲಬ್ಬಿನ ಕೋಚ್ ಮಿಸ್ ಓಂಗ್ ನನ್ನ ಮಗಳ ವಯಸ್ಸಿನವರು. ದನಿ ಮಾತ್ರ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರದು. ಮೊದಲ ಪಾಠದಲ್ಲೇ ಅವರು ಗುಂಡು ಹಾರಿದ ಮೇಲೆ ಹೊರಬೀಳುವ ಖಾಲಿ ತೋಟಾವೊಂದನ್ನು ಎತ್ತಿ ತೋರಿಸಿದರು. ಕಿರುಬೆರಳ ತುದಿಯಷ್ಟು ಹಿತ್ತಾಳೆಯ ಕೊಳವೆ.

"ಇದು ಖಾಲಿ. ಆದರೂ ಒಂದೇ ಒಂದು ಹೊರಗೆ ಹೋಗಬಾರದು. ಜೇಬಲ್ಲಿ ಸಿಕ್ಕರೆ ಪೊಲೀಸ್ ಕೇಸ್. ಲೈಸೆನ್ಸ್ ಮರೆತುಬಿಡಿ. ಸೀರಿಯಸ್ ಆ, ಅಂಕಲ್!"

ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬನಿಗೆ ಜೇಬನ್ನು ಹೇಗೆ ಒಳಹೊರಗು ಮಾಡಿ ಪರೀಕ್ಷಿಸಬೇಕೆಂದು ನಾನೇ ತೋರಿಸಿಕೊಟ್ಟೆ. ಅವನು ಕೇಳಿರಲಿಲ್ಲ.

"ಹೊಸಬರು ಏರ್ ಪಿಸ್ತೂಲಿನಿಂದ ಶುರುಮಾಡಿದರೆ ಒಳ್ಳೆಯದು" ಎಂದರು ಮಿಸ್ ಓಂಗ್.

ಗಾಳಿ ಪಿಸ್ತೂಲೇ! ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಒಡೆಯುವ ಮಕ್ಕಳಿಗೆ ಕೊಡುವಂಥದ್ದು! ನಾನು ಗಂಭೀರವಾಗಿ ತಲೆಯಾಡಿಸಿ, ಅಲ್ಲಿದ್ದುದರಲ್ಲೇ ದೊಡ್ಡದನ್ನು ಬೆರಳು ಮಾಡಿ ತೋರಿಸಿದೆ.

ಅದು ನೈನ್ ಎಂಎಂ. ಎರಡು ಕೈಯಲ್ಲೂ ಹಿಡಿದು, ಉಸಿರು ಕಟ್ಟಿ, ಕುದುರೆಯನ್ನು ಒತ್ತಿದೆ. ಢಂ! ನನ್ನ ಕೈಗಳು ಮೇಲಕ್ಕೆ ಹೋದವು, ಕನ್ನಡಕ ಕೆಳಕ್ಕೆ ಬಂತು. ಗುರಿಯ ಕಾಗದ ಮಾತ್ರ ಕನ್ಯೆಯಂತೆ ನಿಷ್ಕಳಂಕವಾಗಿತ್ತು. ನಾನು ಹೆದರಲಿಲ್ಲ.

"ಅಂಕಲ್, ಕಣ್ಣು ಮುಚ್ಚಿ ಹೊಡೆದಿರಿ."

"ಏಕಾಗ್ರತೆಗಾಗಿ" ಎಂದೆ.

ಆಮೇಲೆ ಒಂದು ರಿವಾಲ್ವರ್ ಬಂತು. ಅದರ ತೂಕ ನಮ್ಮ ಒರಳುಕಲ್ಲಿನ ಗುಂಡಿನದು. ಕೊನೆಗೆ ಬಂದದ್ದು ಎಲ್ಲಕ್ಕಿಂತ ಸಣ್ಣ ಗುಂಡಿನ ಪಾಯಿಂಟ್ ಟೂ-ಟೂ. ಅಂಗೈಗೆ ಒಪ್ಪುವಂತೆ ಕೆತ್ತಿದ ಮರದ ಹಿಡಿ, ಸದ್ದು ಸಾಧಾರಣ, ಧಕ್ಕೆಯೂ ಕಡಿಮೆ. "ಯಾವುದನ್ನು ಹಿಡಿದರೆ ಕಣ್ಣು ಮಿಟುಕುವುದಿಲ್ಲವೋ ಅದೇ ನಿಮ್ಮ ಪಿಸ್ತೂಲು" ಎಂದರು ಮಿಸ್ ಓಂಗ್. ಟೂ-ಟೂಗೆ ನನ್ನ ಒಂದೇ ಕಣ್ಣು ಮಿಟುಕಿತು. ಅರ್ಧ ಪಾಸು! ಹಿಡಿಯ ಕೋನ ವೈಜ್ಞಾನಿಕವಾಗಿದೆ ಎಂದು ಘೋಷಿಸಿ ಮನಸ್ಸಿನಲ್ಲೇ ಅದನ್ನು ಆರಿಸಿಕೊಂಡೆ.

ಆದರೆ ಮೊದಲ ಆಯುಧವನ್ನು ಯಾವುದೋ ಮಂಗಳವಾರ ಗೊತ್ತುಮಾಡುವುದಕ್ಕಾಗುತ್ತದೆಯೆ? ವಿಜಯದಶಮಿಯ ದಿನವೇ ಅಂತಿಮ ತೀರ್ಮಾನವೆಂದು ತಿಳಿಸಿದೆ.

"ಅದೇನು, ಚೈನೀಸ್ ನ್ಯೂ ಇಯರ್ ಥರಾನಾ?" ಎಂದು ಕೇಳಿ, "ಕ್ಯಾನ್, ಕ್ಯಾನ್" ಎಂದು ಒಪ್ಪಿದರು ಮಿಸ್ ಓಂಗ್. ಹಿಂದಿನ ದಿನ, ಎಂದರೆ ಆಯುಧಪೂಜೆಯ ಬೆಳಿಗ್ಗೆ, ಕೊನೆಯ ಪರೀಕ್ಷೆಗೆ ಸಮಯ ಕೊಟ್ಟರು.

ಆ ಬೆಳಿಗ್ಗೆ ನಾನು ಚೆನ್ನಾಗಿಯೇ ಹೊಡೆಯುತ್ತಿದ್ದೆ. ಗುಂಡುಗಳು ಕಾಗದದ ಒಳಗಾದರೂ ಬೀಳುತ್ತಿದ್ದವು. ಅಷ್ಟರಲ್ಲಿ ಒಂದು ಖಾಲಿ ತೋಟಾ ಪಿಸ್ತೂಲಿನಿಂದ ಚಿಮ್ಮಿ, ಅಡ್ಡಗೋಡೆಗೆ ಬಡಿದು, ನೇರವಾಗಿ ನನ್ನ ಪ್ಯಾಂಟಿನ ಹೊರಮಡಿಕೆಯೊಳಗೆ ಬಿತ್ತು. ಕಾದ ಹಿತ್ತಾಳೆ! ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಇದೊಂದನ್ನು ಮಾತ್ರ ನಿಯಮದಂತೆ ಮಾಡಿ, ಒಂಟಿಕಾಲಿನಲ್ಲಿ ಕುಣಿದೆ. ಸಾಲಿನಲ್ಲಿದ್ದವರೆಲ್ಲ ಗುರಿ ಬಿಟ್ಟು ನನ್ನನ್ನು ನೋಡಿದರು.

ಮಿಸ್ ಓಂಗ್ ಮಡಿಕೆಯಿಂದ ಅದನ್ನು ತೆಗೆದು, "ಅಂಕಲ್, ದಿಸ್ ಕೈಂಡ್ ಆಫ್ ಪ್ಯಾಂಟ್, ನೆಕ್ಸ್ಟ್ ಟೈಮ್ ಕೆನಾಟ್!" ಎಂದರು. ಹೊರಡುವಾಗ ನನ್ನ ಜೇಬುಗಳು ಎಲ್ಲರ ಜೇಬುಗಳಿಗಿಂತ ಹೆಚ್ಚು ಹೊರಗೆ ಬಂದಿದ್ದವು.

ದಾರಿಯುದ್ದಕ್ಕೂ ಮಳೆ. ಮನೆ ತಲುಪಿ, ಪದ್ಧತಿಯಂತೆ ಛತ್ರಿಯನ್ನು ಹೊಸ್ತಿಲ ಹೊರಗೆ ಜೋರಾಗಿ ಕುಟ್ಟಿ ನೀರು ಉದುರಿಸಿ, ಬಾಗಿಲ ಮೂಲೆಯಲ್ಲಿ ನಿಲ್ಲಿಸಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಸರೋಜ ಆಯುಧಗಳನ್ನು ಮಣೆಯ ಮೇಲೆ ಜೋಡಿಸಿದ್ದಳು. ಈಳಿಗೆಮಣೆ, ಕತ್ತರಿ, ಮಿಕ್ಸಿಯ ಬ್ಲೇಡು, ಅವಳ ಲ್ಯಾಪ್‌ಟಾಪು, ನನ್ನ ಸ್ಕ್ರೂಡ್ರೈವರುಗಳು, ಹಡಗುಕಟ್ಟೆಯ ನೆನಪಿಗೆಂದು ಇಟ್ಟುಕೊಂಡ, ದಪ್ಪ ಅಳೆಯುವ ನನ್ನ ವರ್ನಿಯರ್ ಕ್ಯಾಲಿಪರ್. ಮಡಿಯುಟ್ಟು, ಕನ್ನಡಕವಿಲ್ಲದೆ ಕೂತು, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಮಂತ್ರ ಹೇಳಿದೆ. ಅಕ್ಷತೆ ಹಾಕಿದೆ. ಮಂಗಳಾರತಿ ಎತ್ತಿದೆ. ಕಣ್ಣಿಗೊತ್ತಿಕೊಂಡು, ಕನ್ನಡಕ ಹಾಕಿಕೊಂಡೆ.

ಕ್ಯಾಲಿಪರಿನ ಪಕ್ಕದಲ್ಲಿ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಕಿರುಬೆರಳ ತುದಿಯಷ್ಟು ಹಿತ್ತಾಳೆಯ ಕೊಳವೆ ಕೂತಿತ್ತು!

ಮಡಿಕೆಯೊಳಗೆ ಇನ್ನೊಂದು ಇತ್ತೇ? ಹಾಗಾದರೆ ನಾನು ಅದನ್ನು ಎಂಆರ್‌ಟಿ ರೈಲಿನಲ್ಲಿ, ನೂರಾರು ಜನರ ನಡುವೆ, ಇಡೀ ಸಿಂಗಪುರದ ಕಾನೂನಿನ ಕಣ್ಣೆದುರಿಗೇ ಸಾಗಿಸಿಕೊಂಡು ಬಂದೆನೇ?

"ಇದು... ಇದೆಲ್ಲಿತ್ತೇ?"

"ಗುಡಿಸೋವಾಗ ಬಾಗ್ಲ ಹತ್ರ ಸಿಕ್ತು. ನಿಮ್ಮದೇ ಯಾವ್ದೋ ಸಾಮಾನಿನ ತುದಿ ಅಂತ ಎತ್ತಿಟ್ಟೆ. ಯಾಕ್ರೀ?"

ಯಾಕೆಂದು ಹೇಗೆ ಹೇಳಲಿ? ಹೇಳಿದರೆ ಮನೆಯ ಷರತ್ತು ಮುರಿದು ಪಿಸ್ತೂಲು ಬಂದ್. ಹೇಳದಿದ್ದರೆ ನಾನೇ ಒಳಗೆ ಬಂದ್!

"ಏನಿಲ್ಲ. ತೆಗೆದು ಒಳಗಿಡ್ತೀನಿ" ಎಂದು ಕೈ ಚಾಚಿದೆ. ಸರೋಜ ಕೈಮೇಲೆ ಪಟ್ಟನೆ ಹೊಡೆದಳು.

"ಪೂಜೆಗಿಟ್ಟಿದ್ದು! ನಾಳೆ ಬೆಳಿಗ್ಗೆ ಪೂಜೆ ಆಗೋವರೆಗೂ ಮುಟ್ಟೋ ಹಾಗಿಲ್ಲ. ಪ್ರತಿ ವರ್ಷ ನನಗೆ ಈಳಿಗೆ ಮುಟ್ಟಬೇಡ, ಕತ್ತರಿ ಮುಟ್ಟಬೇಡ ಅಂತ ಶಾಸ್ತ್ರ ಹೇಳೋರು ನೀವೇ ತಾನೆ?"

ನಿಜ. ಈ ಮನೆಯಲ್ಲಿ ಆ ಶಾಸನ ಹೊರಡಿಸಿದವನು ನಾನೇ. ನಾನೇ ಕಟ್ಟಿದ ಬೇಲಿಯೊಳಗೆ ನಾನೇ ಸಿಕ್ಕಿಬಿದ್ದೆ.

ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು ಫೋನಿನಲ್ಲಿ ಶಿಕ್ಷೆ ಏನೆಂದು ಹುಡುಕಿದೆ. ಸೆರೆಮನೆ, ಛಡಿ ಏಟು ಎಂದೆಲ್ಲ ಕಂಡಿತು. ಐವತ್ತು ದಾಟಿದ ಗಂಡಸರಿಗೆ ಛಡಿ ಏಟು ಇಲ್ಲವೆಂದು ಓದಿ ಕೊಂಚ ಜೀವ ಬಂತು. ಬಸ್ಸಿನಲ್ಲಿ ರಿಯಾಯಿತಿ, ಏಟಿನಲ್ಲೂ ರಿಯಾಯಿತಿ! ಮರುಕ್ಷಣವೇ, ನಾನು ಹೀಗೆ ಹುಡುಕಿದ್ದು ಎಲ್ಲೋ ದಾಖಲಾಗಿರುತ್ತದಲ್ಲ ಎಂದು ಹೊಳೆಯಿತು. ಫೋನನ್ನು ಆರಿಸಿದೆ. ಆರಿಸಿದ್ದು ಇನ್ನೂ ಅನುಮಾನಾಸ್ಪದವೆನ್ನಿಸಿ ಮತ್ತೆ ಹಚ್ಚಿದೆ.

"ರೀ, ಸಂಜೆ ಮಿಸ್ಟರ್ ಲಿಮ್ ಬರ್ತಾರೆ, ಮೊಸರು ತನ್ನಿ!" ಎಂದು ಸರೋಜ ಹೊರಗಿನಿಂದ ಕೂಗಿದಳು.

ಅಯ್ಯೋ ದೇವರೆ! ಪಕ್ಕದ ಮನೆಯ ಲಿಮ್ ಅವರಿಗೆ ನಮ್ಮ ಹಬ್ಬದ ಕೋಸಂಬರಿಯೆಂದರೆ ಪ್ರಾಣ. ಹೋದ ವರ್ಷ ತಮ್ಮ ಕಾರಿಗೂ ನಿಂಬೆಹಣ್ಣು ಕಟ್ಟಿಸಿಕೊಂಡು ಹೋಗಿದ್ದರು. ಬಹಳ ಒಳ್ಳೆಯ ಮನುಷ್ಯ. ಕೆಲಸ ಮಾತ್ರ ಪೊಲೀಸ್ ಇಲಾಖೆಯಲ್ಲಿ!

ಛತ್ರಿ ಹಿಡಿದು ಕೆಳಗಿಳಿದೆ. ಚದುರಂಗದ ಮುದುಕರು ಬೆಚ್ಚಿ ತಲೆಯೆತ್ತಿದರು. "ಆಯ್ಯೋ, ಅಂಕಲ್! ಟುಡೇ ಸೋ ಕ್ವಯಟ್ ಆ? ಲೈಕ್ ಥೀಫ್!" ಎಂದು ಒಬ್ಬ ನಕ್ಕ.

ಕಳ್ಳನ ಹಾಗೆ! ಅಪರಾಧ ಅಷ್ಟು ಬೇಗ ನಡಿಗೆಗೂ ಇಳಿದುಬಿಟ್ಟಿತೆ? ನಾನು ಮೊಸರು ಮರೆತೆ. ಹೂವಿನ ಅಂಗಡಿಗೆ ಹೋಗಿ ಸೇವಂತಿಗೆಯನ್ನು ಚೀಲದ ತುಂಬ ತಂದು, ಇಡೀ ಚೀಲವನ್ನು ಆ ಹಿತ್ತಾಳೆಯ ಮೇಲೆ ಸುರಿದೆ. ಮುಟ್ಟಬಾರದೆಂದಿದೆ, ಮುಚ್ಚಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

"ಏನ್ರೀ ಇದು! ಈಳಿಗೆಗೆ ಒಂದು ಹೂವು, ಆ ಚೂರಿಗೆ ಗೋಪುರ! ಮೊಸರೆಲ್ಲಿ?"

ಬಾಗಿಲ ಗಂಟೆ ಹೊಡೆಯಿತು.

ಲಿಮ್ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು. "ವಾಹ್ ಆಂಟಿ, ದಿಸ್ ಇಯರ್ ಫ್ಲವರ್ ಸೋ ಮೆನಿ!" ಎನ್ನುತ್ತ, ಹೋದ ವರ್ಷ ನಾನೇ ಹೇಳಿಕೊಟ್ಟಿದ್ದಂತೆ, ಪ್ರಸಾದದ ಹೂವೊಂದನ್ನು ತೆಗೆದುಕೊಳ್ಳಲು ಬಗ್ಗಿದರು. ಮಣೆಯ ಮೇಲೆ ಎಷ್ಟೊಂದು ಹೂವು! ಆ ಪುಣ್ಯಾತ್ಮ ಗೋಪುರದ ಬುಡದ ಹೂವನ್ನೇ ಎಳೆದರು. ಗೋಪುರ ಜರಿಯಿತು. ಹಿತ್ತಾಳೆ ಹೊರಗೆ ಇಣುಕಿತು.

"ಏ? ದಿಸ್ ಒನ್ ವಾಟ್, ಅಂಕಲ್?"

ಎದ್ದು ನೆಟ್ಟಗೆ ನಿಂತೆ. ಎರಡು ಕೈಗಳನ್ನೂ ಮುಂದೆ ಚಾಚಿದೆ. "ಮಿಸ್ಟರ್ ಲಿಮ್, ನಾನು ಶರಣಾಗುತ್ತಿದ್ದೇನೆ. ಇದು ಖಾಲಿ ತೋಟಾ. ಕ್ಲಬ್ಬಿನಿಂದ ನನ್ನ ಪ್ಯಾಂಟಿನ ಮಡಿಕೆಯಲ್ಲಿ ಬಂದಿದೆ. ನನ್ನ ಹೆಂಡತಿ ನಿರಪರಾಧಿ. ಪೂಜೆ ಮಾಡಿದವನೂ ನಾನೇ!"

ಸರೋಜಳ ಕೈಯಿಂದ ಕೋಸಂಬರಿಯ ಚಮಚ ಬಿತ್ತು. "ಏನಂದ್ರಿ? ಗುಂಡಿಂದಾ? ನಾನು ಅದಕ್ಕೆ ನಮಸ್ಕಾರ ಮಾಡಿದ್ನಲ್ರೀ!"

ಲಿಮ್ ಅವರ ಮುಖದಲ್ಲಿದ್ದ ನಗು ಹೋಯಿತು. ಅವರಲ್ಲಿದ್ದ ಪಕ್ಕದ ಮನೆಯವರು ಹೋಗಿ ಪೊಲೀಸಿನವರು ಬಂದರು. "ಯಾರೂ ಮುಟ್ಟಬೇಡಿ" ಎಂದರು.

"ಅದನ್ನೇ ನಾನೂ ಬೆಳಗಿಂದ ಹೇಳ್ತಿರೋದು!" ಎಂದಳು ಸರೋಜ.

ಲಿಮ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಂಡಿಯೂರಿ, ಮೂಗು ಮಣೆಗೆ ತಾಗುವಷ್ಟು ಬಗ್ಗಿ ನೋಡಿದರು. ಆ ಹೊತ್ತಿನಲ್ಲಿ ನಾನು ಟೂ-ಟೂವಿನ ಮರದ ಹಿಡಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಜೈಲಿನಲ್ಲಿ ಈರುಳ್ಳಿ ಹಾಕದ ಸಾರು ಕೊಡುತ್ತಾರೆಯೆ ಎಂದೂ ಯೋಚಿಸಿದೆ.

ಲಿಮ್ ಎದ್ದರು. ಬಾಗಿಲ ಮೂಲೆಗೆ ಹೋಗಿ ನನ್ನ ಛತ್ರಿಯನ್ನು ತಂದು, ತಲೆಕೆಳಗು ಮಾಡಿ ನನ್ನ ಮುಖದ ಮುಂದೆ ಹಿಡಿದರು. ತುದಿಯಲ್ಲಿ ಬರಿಯ ಮರದ ಕಡ್ಡಿ. ಹಿತ್ತಾಳೆಯ ಟೊಪ್ಪಿಗೆ ಇಲ್ಲ!

"ಅಂಕಲ್, ಯುವರ್ ಅಂಬ್ರೆಲ್ಲಾ ಬೋಟಾಕ್ ಲಾ!"

ಬೋಟಾಕ್ ಎಂದರೆ ಇಲ್ಲಿ ಬೋಳುತಲೆ. ಬೆಳಿಗ್ಗೆ ಹೊಸ್ತಿಲ ಹೊರಗೆ ನಾನು ಶಿಸ್ತಿನಿಂದ ಕುಟ್ಟಿದ ರಭಸಕ್ಕೆ ಛತ್ರಿಯ ತುದಿ ಕಳಚಿ ಬಿದ್ದಿತ್ತು. ಟಿಕ್ ಟಿಕ್ ನಿಂತದ್ದೂ ಅದಕ್ಕೇ. ಜನ್ಮವಿಡೀ ಹಿತ್ತಾಳೆ ಅಳೆದವನು, ಅಳೆಯುವ ಕ್ಯಾಲಿಪರನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡು, ಎರಡಕ್ಕೂ ಸಮನಾಗಿ ಕುಂಕುಮ ಹಚ್ಚಿ, ಅರ್ಧ ದಿನ ನಡುಗಿದ್ದೆ!

ಲಿಮ್ ಸೋಫಾದ ಮೇಲೆ ಬಿದ್ದು ನಕ್ಕರು. ಸರೋಜ ನಗಲಿಲ್ಲ. ಅದು ಹೆಚ್ಚು ಅಪಾಯ.

"ನಾಳೆ ನಾನೂ ಬರ್ತೀನಿ" ಎಂದಳು.

ವಿಜಯದಶಮಿಯ ಶುಭಮುಹೂರ್ತದಲ್ಲಿ ನನ್ನ ಮೊದಲ ಪಿಸ್ತೂಲಿನ ಆಯ್ಕೆ ನಡೆಯಿತು. ಆರಿಸಿದವಳು ಸರೋಜ. ಅವಳು ಮಿಸ್ ಓಂಗ್‌ಗೆ ಕೇಳಿದ್ದು ಒಂದೇ ಪ್ರಶ್ನೆ: "ಹೊಡೆದ ಮೇಲೆ ಹೊರಗೆ ಏನೂ ಬೀಳದೇ ಇರೋದು ಯಾವ್ದಮ್ಮಾ?" ನನ್ನ ತಪಾಸಣೆಯ ವಿದ್ಯೆಯೆಲ್ಲ ಸೇರಿದರೂ ಹೊಳೆಯದಿದ್ದ ಪ್ರಶ್ನೆ. ಮಿಸ್ ಓಂಗ್ ಏರ್ ಪಿಸ್ತೂಲನ್ನು ಎತ್ತಿ ಮೇಜಿನ ಮೇಲಿಟ್ಟರು. ಬಲೂನು ಒಡೆಯುವ ಮಕ್ಕಳದ್ದೇ ಜಾತಿ. ಹೊಡೆದೆ. ಫುಸ್ ಎಂದಿತು. ಎರಡು ಕಣ್ಣೂ ಮಿಟುಕಲಿಲ್ಲ!

ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ, ಮಡಿಕೆಯಿಲ್ಲದ ಪ್ಯಾಂಟು ಹಾಕಿಕೊಂಡು. ಹೊರಡುವಾಗ ಮಿಸ್ ಓಂಗ್ ಎಲ್ಲರ ಜೇಬನ್ನೂ ನೋಡುತ್ತಾರೆ. ನನ್ನ ಸರದಿ ಬಂದಾಗ ಮಾತ್ರ, "ಅಂಕಲ್, ಅಂಬ್ರೆಲ್ಲಾ" ಎನ್ನುತ್ತಾರೆ.

ನಾನು ನೆಟ್ಟಗೆ ನಿಂತು, ಶಿಸ್ತಿನಿಂದ, ತುದಿ ತೋರಿಸುತ್ತೇನೆ.